ಜಾಮ್ ಬಾಟಲಿಯ ಜೇಡ ಮನೆಗೆ ಬೇಡ

ಬ್ರೂಕ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ಗಳಲ್ಲಿ ಮಕ್ಕಳಿಗೆ ಆಟದ ಬಯಲೆಂದರೆ ಬಹುತೇಕ ಪಾರ್ಕಿಂಗ್ ಜಾಗವೇ. ಅಲ್ಲಿನ ಮೂಲೆಯಿಂದ ನಿಮ್ಮ ಮಗ ಒಂದು ಸಂಜೆ ಜಾಮ್ ಬಾಟಲಿಯಲ್ಲಿ ಜೇಡವೊಂದನ್ನು ಹಿಡಿದು ತಂದು, ‘ಅಮ್ಮಿ, ಇದು ಬ್ಲ್ಯಾಕ್ ವಿಡೋ, ನಾನು ಸಾಕ್ತೀನಿ’ ಎಂದರೆ ನೀವೇನು ಮಾಡುವಿರಿ? ಕಿರುಚಿ ಚಪ್ಪಲಿ ಎತ್ತಬೇಡಿ. ಹಾಗೆಂದು ‘ಆಯ್ತು’ ಎನ್ನಲೂಬೇಡಿ.

ಬ್ಲ್ಯಾಕ್ ವಿಡೋ ಎಂದು ಹೆಸರಾದದ್ದು ಅಮೆರಿಕದ ಜೇಡ. ಅದರ ಬಳಗದ ಬ್ರೌನ್ ವಿಡೋ ಭಾರತದಲ್ಲೂ ಇದೆ. ಪ್ಲಾಸ್ಟಿಕ್ ಕುರ್ಚಿಯ ಅಡಿ, ಹೂಕುಂಡದ ಅಂಚು, ಹಳೆಯ ಸಾಮಾನಿನ ಸಂದು ಅದಕ್ಕೆ ಇಷ್ಟ. ಮೈ ಕಂದು, ಹೊಟ್ಟೆಯ ಅಡಿಯಲ್ಲಿ ಮರಳು ಗಡಿಯಾರದ ಆಕಾರದ ಕಿತ್ತಳೆ ಗುರುತು. ಮೊಟ್ಟೆಚೀಲ ಮುಳ್ಳುಮುಳ್ಳಾದ ಪುಟ್ಟ ಉಂಡೆಯಂತಿರುತ್ತದೆ.

ಕಡಿತಕ್ಕಿಂತ ನನಗೆ ಹೆಚ್ಚು ಅಂಜಿಕೆ ಆ ಉಂಡೆಯದು. ಹೊರಗಿನಿಂದ ಹಿಡಿದ ಹೆಣ್ಣು ಜೇಡ ಹೆಚ್ಚಾಗಿ ಮೊದಲೇ ಗಂಡಿನೊಂದಿಗೆ ಕೂಡಿರುತ್ತದೆ. ಬಾಟಲಿಯಲ್ಲಿ ಒಂಟಿಯಾಗಿದ್ದರೂ ಅದು ಒಂದರ ಹಿಂದೊಂದು ಮೊಟ್ಟೆಚೀಲ ಕಟ್ಟಬಲ್ಲದು, ಒಂದೊಂದರಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇರಬಹುದು. ಮರಿಗಳೋ ಸಾಸಿವೆಗಿಂತ ಸಣ್ಣವು. ಗಾಳಿಗೆಂದು ಮುಚ್ಚಳಕ್ಕೆ ನೀವು ಚುಚ್ಚಿದ ತೂತೇ ಅವುಗಳ ಬಾಗಿಲು! ಆಮೇಲೆ ತೊಟ್ಟಿಲ ಕೆಳಗೆ, ಸೋಫಾದ ಹಿಂದೆ ಹುಡುಕುತ್ತೀರಾ?

ಬ್ರೌನ್ ವಿಡೋ ಅಂಜುಬುರುಕ ಪ್ರಾಣಿ. ಮೈಗೆ ಒತ್ತಿಕೊಂಡರೆ ಮಾತ್ರ ಕಚ್ಚುತ್ತದೆ, ನೋವು ಹೆಚ್ಚಾಗಿ ಕಚ್ಚಿದಲ್ಲಿಗೇ ಸೀಮಿತ. ಆದರೂ ಈ ಬಳಗದ ವಿಷ ನರಗಳ ಮೇಲೆ ಕೆಲಸ ಮಾಡುವಂಥದ್ದು. ಸ್ನಾಯು ಹಿಡಿತ, ಹೊಟ್ಟೆನೋವು, ವಿಪರೀತ ಬೆವರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರ ವಿಷಯದಲ್ಲಿ ಲಕ್ಷಣಕ್ಕಾಗಿ ಕಾಯಲೇಬೇಡಿ. ಸೋಪು ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಸುಣ್ಣ ಹಚ್ಚುವುದು ಬೇಡ. ನಮ್ಮ ಆಸ್ಪತ್ರೆಗಳಲ್ಲಿರುವ ಹಾವಿನ ವಿಷದ ಇಂಜೆಕ್ಷನ್ ಜೇಡದ ಕಡಿತಕ್ಕೆ ಕೆಲಸ ಮಾಡುವುದಿಲ್ಲ.

ಮಗನಿಗೆ ಇನ್ನೊಂದು ಮಾತನ್ನೂ ಹೇಳಿ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಹೊರಗೆ ತಿನ್ನಲೂ ಬಿಡದ ಹೆಣ್ಣಿನ ಗತಿಯನ್ನು ಪ್ರವಾದಿ(ಸ) ತಿಳಿಸಿದ್ದು ಅವನೂ ಮದ್ರಸದಲ್ಲಿ ಕೇಳಿರುತ್ತಾನೆ. ಹಿಡಿದಿಟ್ಟ ಜೀವದ ಹೊಣೆ ಹಿಡಿದವನದೇ. ಪರೀಕ್ಷೆ ಬಂದಾಗ, ಈದ್‌ಗೆ ಊರಿಗೆ ಹೋದಾಗ ಆ ಬಾಟಲಿಗೆ ಜೀವಂತ ನೊಣ ಹಿಡಿದು ಹಾಕುವವರು ಯಾರು?

ಆಸಕ್ತಿಯನ್ನು ಮಾತ್ರ ಚಿವುಟಬೇಡಿ. ಕುರ್‌ಆನ್‌ನ 29ನೇ ಅಧ್ಯಾಯದ ಹೆಸರೇ ಅಲ್-ಅಂಕಬೂತ್, ಜೇಡ. ಬಲೆಯನ್ನು ಇದ್ದಲ್ಲಿಯೇ ನೋಡಲಿ, ಫೋಟೋ ತೆಗೆಯಲಿ, ಚಿತ್ರ ಬರೆಯಲಿ. ಸೊಳ್ಳೆ ತಿನ್ನುವ ಗೋಡೆಯ ಸಾಮಾನ್ಯ ಜೇಡಗಳ ಮೇಲೆ ನೀವೂ ಸಿಕ್ಕಸಿಕ್ಕಂತೆ ಸ್ಪ್ರೇ ಹೊಡೆಯಬೇಡಿ. ಆ ಹೊಗೆ ಮೊದಲು ಸೇರುವುದು ಮಕ್ಕಳ ಎದೆಗೆ.

ಬಾಟಲಿ ಈಗಾಗಲೇ ಮನೆಯಲ್ಲಿದ್ದರೆ ಮುಚ್ಚಳ ತೆರೆಯಬೇಡಿ. ಮೊಟ್ಟೆಚೀಲ ಕಂಡರೆ ಬಾಟಲಿ ಸಮೇತ ಎರಡು ಕವರ್‌ಗಳಲ್ಲಿ ಬಿಗಿದು ಎರಡು ದಿನ ಫ್ರೀಜರ್‌ನಲ್ಲಿಟ್ಟು, ಆಮೇಲೆ ಕಸಕ್ಕೆ ಹಾಕಿ. ಬಾಲ್ಕನಿಯ ಕುರ್ಚಿಗಳನ್ನು ಇವತ್ತೇ ತಲೆಕೆಳಗು ಮಾಡಿ ನೋಡಿ, ಕೈಗೆ ದಪ್ಪ ಗ್ಲೌಸ್ ಇರಲಿ.