ಬೆಟ್ಟ ನೋಡಲು ಬಂದವರು ಎಲ್ಲಿ ತಂಗಬೇಕು?

ರಜೆ ಹತ್ತಿರವಾದಂತೆ ನಗರದ ಕುಟುಂಬಗಳಲ್ಲಿ ಮೊದಲು ತೀರ್ಮಾನವಾಗುವುದು ಹೋಗಬೇಕಾದ ಊರು, ಅನಂತರ ತಂಗಬೇಕಾದ ಜಾಗ. ಬಾಡಿಗೆ, ಊಟ, ಈಜುಕೊಳ, ಕಿಟಕಿಯಿಂದ ಕಾಣುವ ನೋಟ, ಇವಿಷ್ಟೇ ಆಯ್ಕೆಯ ಮಾನದಂಡಗಳು. ಅಲ್ಲಿಯ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗೆ ಹೊರಟವರು ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಅದೇ ಪ್ರಶ್ನೆ.

ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟಿತು. ಹೆಸರು ಬದಲಾಗುವ ಮೊದಲೇ ನಗರ ಇಲ್ಲಿಗೆ ಬಂದಿತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಗೊಂಡ ಮೇಲಂತೂ ವಾರಾಂತ್ಯದ ಪ್ರವಾಸಿಗೆ ಇದು ಹಿತ್ತಲಿನಷ್ಟು ಹತ್ತಿರ.

ಈ ಸೀಮೆಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಭೂವಿಜ್ಞಾನಿಗಳು ಇವನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಿಂದಿನ ಹೆಸರು. ಇಂತಹ ನೆಲದಲ್ಲಿ ಮಳೆನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಒಂದೇ ಬಿರುಕಿನ ನೀರಿಗೆ ಎರಡು ಕೊಳವೆಬಾವಿಗಳು ಪೈಪೋಟಿಗಿಳಿದರೆ ಕಡಿಮೆ ಆಳದ್ದು ಮೊದಲು ಬತ್ತುತ್ತದೆ. ಆಳಕ್ಕೆ ಕೊರೆಸುವ ಹಣ ರೈತನಲ್ಲಿ ಇರುವುದಿಲ್ಲ, ವಿಹಾರಧಾಮದ ಮಾಲೀಕನಲ್ಲಿ ಇರುತ್ತದೆ. ಈಜುಕೊಳಕ್ಕೂ ಹುಲ್ಲುಹಾಸಿಗೂ ನೀರು ಹೆಚ್ಚು ಬೇಕಾಗುವುದು ಏಪ್ರಿಲ್–ಮೇ ತಿಂಗಳಲ್ಲಿ. ಹಿಪ್ಪುನೇರಳೆ ತೋಟ ಬಾಯಾರುವುದೂ ಅದೇ ತಿಂಗಳುಗಳಲ್ಲಿ.

ರೇಷ್ಮೆಗೆ ಇನ್ನೊಂದು ಅಪಾಯವೂ ಇದೆ. ಅತಿಥಿಗಳಿಗೆ ಸೊಳ್ಳೆಕಾಟ ತಪ್ಪಲೆಂದು ಬಿಡುವ ಕೀಟನಾಶಕದ ಹೊಗೆ ಗಾಳಿಯಲ್ಲಿ ತೇಲಿ ಪಕ್ಕದ ತೋಟದ ಸೊಪ್ಪಿನ ಮೇಲೆ ಕುಳಿತರೆ, ಆ ಸೊಪ್ಪು ತಿಂದ ಹುಳು ಉಳಿಯುವುದು ಕಷ್ಟ. ಒಂದು ಮನೆಯ ತಿಂಗಳ ದುಡಿಮೆ ಚಂದ್ರಿಕೆ ಏರುವ ಮೊದಲೇ ಮಣ್ಣು ಪಾಲಾಗುತ್ತದೆ. ಇದು ಯಾರ ಬಾಡಿಗೆಯ ರಸೀದಿಯಲ್ಲಿಯೂ ಕಾಣಿಸುವುದಿಲ್ಲ.

ಬಂಡೆಗಳನ್ನು ಆಶ್ರಯಿಸಿದ ಜೀವಿಗಳ ಪಾಡು ಬೇರೆಯಲ್ಲ. ರಾಮದೇವರಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶ 2012ರಲ್ಲಿ ರಣಹದ್ದು ಧಾಮವಾಯಿತು. ಕಡಿದಾದ ಬಂಡೆಯ ಅಂಚಿನಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಗಳ ಚಿಕಿತ್ಸೆಯಲ್ಲಿ ಡೈಕ್ಲೋಫೆನಾಕ್ ಬಳಕೆಯನ್ನು 2006ರಲ್ಲಿಯೂ, ಕೀಟೊಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಬಳಕೆಯನ್ನು 2023ರಲ್ಲಿಯೂ ಕೇಂದ್ರ ಸರ್ಕಾರ ತಡೆಯಿತು. ಮದ್ದಿನ ವಿಷಕ್ಕೆ ಕಾನೂನಿನ ತಡೆ ಬಂದಿದೆ. ಆದರೆ ಈ ಹಕ್ಕಿ ಮೊಟ್ಟೆಯಿಟ್ಟು ಮರಿ ಮಾಡುವ ಚಳಿಗಾಲವೇ ಹೊಸವರ್ಷದ ಮೋಜಿನ ಕಾಲವೂ ಹೌದು. ಆಗ ಬೆಟ್ಟದ ಬುಡದಲ್ಲಿ ಧ್ವನಿವರ್ಧಕ ಮೊಳಗಿದರೆ, ಬಂಡೆಗೆ ದೀಪ ಹಾಯಿಸಿದರೆ, ಧಾಮದ ಗಡಿಗಲ್ಲು ಅವುಗಳನ್ನು ತಡೆಯಲಾರದು. ಕನಕಪುರದ ದಕ್ಷಿಣಕ್ಕೆ, ಬನ್ನೇರುಘಟ್ಟ ಮತ್ತು ಕಾವೇರಿ ವನ್ಯಧಾಮಗಳ ನಡುವೆ ಓಡಾಡುವ ಆನೆಗಳಿಗೂ ಪ್ರತಿಯೊಂದು ಹೊಸ ಬೇಲಿ ಹೊಸ ತಿರುವಾಗುತ್ತದೆ. ಆ ತಿರುವು ಕೊನೆಗೆ ಸೇರುವುದು ಬಡವನ ರಾಗಿ ಹೊಲವನ್ನು.

ಪ್ರವಾಸದಿಂದಲೇ ಬದುಕುವ ನಾಡುಗಳೂ ಈ ಸಂಕಟವನ್ನು ಕಂಡಿವೆ. ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪದಲ್ಲಿ ಪಿಟನ್ ಎಂಬ ಎರಡು ಶಿಖರಗಳು ಕಡಲಂಚಿನಲ್ಲಿಯೇ ಎದ್ದು ನಿಂತಿವೆ. ಅವೆರಡರ ನಡುವಿನ ಕಣಿವೆಯಲ್ಲಿ ವಿಹಾರಧಾಮ ಕಟ್ಟಹೊರಟಾಗ, ಅದೇ ದ್ವೀಪದ ಮಗ, 1992ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕವಿ ಡೆರೆಕ್ ವಾಲ್ಕಾಟ್ ಬಹಿರಂಗವಾಗಿ ವಿರೋಧಿಸಿದರು. ಆದರೂ ಕಟ್ಟಡ ಎದ್ದಿತು. ಆ ಪ್ರದೇಶಕ್ಕೆ ವಿಶ್ವ ಪರಂಪರೆಯ ಮಾನ್ಯತೆ ದೊರೆತದ್ದು ಅನಂತರ, 2004ರಲ್ಲಿ. ಮಾನ್ಯತೆ ಬರುವ ಹೊತ್ತಿಗೆ ಕಣಿವೆ ಹಳೆಯ ಕಣಿವೆಯಾಗಿ ಉಳಿದಿರಲಿಲ್ಲ.

ವಿಹಾರಧಾಮಗಳಿಂದ ಹಳ್ಳಿಯವರಿಗೆ ಕೆಲಸ ಸಿಗುತ್ತದೆ ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮಳೆ ಕೈಕೊಟ್ಟ ವರ್ಷ ತಿಂಗಳ ಸಂಬಳ ದೊಡ್ಡ ಆಸರೆಯೇ. ಆದರೆ ಜಮೀನು ಮಾರಿದ ರೈತ ಅದೇ ಜಮೀನಿನಲ್ಲಿ ಕಾವಲುಗಾರನಾಗುವುದಕ್ಕೂ, ತನ್ನ ಮನೆಯ ಒಂದು ಕೋಣೆಯನ್ನು ಅತಿಥಿಗೆ ಕೊಟ್ಟು ತನ್ನ ಹೊಲದ ರಾಗಿಮುದ್ದೆಯನ್ನೇ ಬಡಿಸುವುದಕ್ಕೂ ಅಜಗಜಾಂತರವಿದೆ. ಮಲೆನಾಡಿನಲ್ಲಿ ಮನೆಯವರೇ ನಡೆಸುವ ಹೋಂಸ್ಟೇಗಳೂ ಇವೆ, ಹೋಂಸ್ಟೇ ಎಂಬ ಹೆಸರು ಹೊತ್ತ ಹೋಟೆಲುಗಳೂ ಇವೆ. ಬಯಲುಸೀಮೆ ಇವೆರಡರ ವ್ಯತ್ಯಾಸವನ್ನು ಮೊದಲೇ ಅರಿತುಕೊಳ್ಳುವುದು ಲೇಸು.

ಹಾಗಾದರೆ ತಂಗುವುದೆಲ್ಲಿ? ಬೆಂಗಳೂರಿನಿಂದ ರಾಮನಗರ ಸುಮಾರು 50 ಕಿಲೋಮೀಟರ್. ರಾಮನಗರಕ್ಕೂ ಚನ್ನಪಟ್ಟಣಕ್ಕೂ ರೈಲಿದೆ. ಬೆಳಿಗ್ಗೆ ಹೊರಟವರು ಬೆಟ್ಟ ನೋಡಿ, ರೇಷ್ಮೆಗೂಡಿನ ಮಾರುಕಟ್ಟೆ ಕಂಡು, ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಬೊಂಬೆ ಕೊಂಡು ಸಂಜೆಗೆ ಮನೆ ಸೇರಬಹುದು. ಉಳಿಯಲೇಬೇಕೆಂದಿದ್ದರೆ ಪೇಟೆಯ ವಸತಿಗೃಹವಿದೆ, ರೈತರ ಮನೆಯಿದೆ. ಬೆಟ್ಟದ ಬುಡ, ಕೆರೆಯ ಅಂಚು, ಕಾಡಿನ ಗಡಿ ಮಾತ್ರ ಬೇಡ. ಕೋಣೆ ಕಾದಿರಿಸುವ ಮುನ್ನ ಮೂರು ಪ್ರಶ್ನೆ ಕೇಳಬೇಕು: ನೀರು ಯಾವ ಮೂಲದ್ದು? ಕೊಳಚೆ ಯಾವ ಹಳ್ಳಕ್ಕೆ ಹೋಗುತ್ತದೆ? ಹಣ ಯಾರ ಕೈ ಸೇರುತ್ತದೆ?

ಇದು ಪ್ರವಾಸಿಯೊಬ್ಬನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಹೊಣೆಯಲ್ಲ. ಪರವಾನಗಿ ನೀಡುವ ಮೊದಲು ಕೊಳವೆಬಾವಿಯ ಆಳವನ್ನೂ ಕೊಳಚೆಯ ದಾರಿಯನ್ನೂ ಗ್ರಾಮಸಭೆಯ ಮುಂದಿಡುವಂತೆ ಪಂಚಾಯಿತಿಗಳು ಕಡ್ಡಾಯ ಮಾಡಬೇಕು. ಒಂದು ರಾತ್ರಿ ತಂಗುವವನಿಗೆ ಬೆಟ್ಟ ಬರಿಯ ನೋಟ. ಅದರ ಬುಡದಲ್ಲಿ ಬೇಸಾಯ ಮಾಡುವವನಿಗೆ ಅದು ಬಾವಿಯ ತಲೆ. ಇಬ್ಬರ ಹಕ್ಕುಗಳು ಎದುರಾದಾಗ ಯಾವುದು ಮೊದಲು ಎಂಬುದರಲ್ಲಿ ಪಂಚಾಯಿತಿಗೆ ಗೊಂದಲ ಇರಬಾರದು.