ಬೈಯಲಾದರೂ ಒಬ್ಬ ಸದಸ್ಯ ಬೇಕು

ನಿವೃತ್ತರ ಮಾತಿನ ಮೇಲೆ ಸಾಮಾನ್ಯವಾಗಿ ಎರಡು ಆಪಾದನೆಗಳಿರುತ್ತವೆ. ಹಿಂದಿನದೆಲ್ಲ ಚೆನ್ನಾಗಿತ್ತು ಎನ್ನುವುದು ಒಂದು, ಇಂದಿನದೆಲ್ಲ ಕೆಟ್ಟುಹೋಯಿತು ಎನ್ನುವುದು ಇನ್ನೊಂದು. ಇವೆರಡನ್ನೂ ಬದಿಗಿಟ್ಟು, ಲೆಕ್ಕಕ್ಕೆ ಸಿಗುವ ಒಂದೇ ಸಂಗತಿಯನ್ನು ಓದುಗರ ಮುಂದಿಡುತ್ತೇನೆ. 2020ರ ಸೆಪ್ಟೆಂಬರ್ 10ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಅಂದಿನಿಂದ 2025ರ ಸೆಪ್ಟೆಂಬರ್‌ವರೆಗೆ, ಅಂದರೆ ಒಂದು ಪೂರ್ಣ ಅವಧಿಯಷ್ಟು ಕಾಲ, ಕೋಟಿಗೂ ಮೀರಿದ ಜನಸಂಖ್ಯೆಯ ಈ ನಗರ ಒಬ್ಬನೇ ಒಬ್ಬ ಕಾರ್ಪೊರೇಟರ್ ಇಲ್ಲದೆ ನಡೆಯಿತು. ಈ ಐದು ವರ್ಷಗಳಲ್ಲಿ ಇದರ ಬಗ್ಗೆ ಬೀದಿಗಿಳಿದವರು ಬಹಳ ಮಂದಿಯಿಲ್ಲ. ಚಿಂತೆಗೆ ಕಾರಣವಾಗಬೇಕಾದದ್ದು ಆ ಮೌನವೇ.

ನಾನು ಶಾಲಾ ಶಿಕ್ಷಕನಾಗಿದ್ದವನು. ಶಿಕ್ಷಕನಿಗೆ ಪಾಠದಷ್ಟೇ ಅನಿವಾರ್ಯವಾದ ಇನ್ನೊಂದು ಕರ್ತವ್ಯವೆಂದರೆ ಚುನಾವಣಾ ಕೆಲಸ. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಮತಗಟ್ಟೆಯಲ್ಲಿದ್ದೆ. ಮತಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಲಾರಿಯಲ್ಲಿ ಹೋದದ್ದು, ಶಾಲೆಯ ಜಗಲಿಯಲ್ಲೇ ಮಲಗಿದ್ದು ಇಂದಿಗೂ ನೆನಪಿದೆ. ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಕಾಯ್ದೆಯ ಫಲವಾಗಿತ್ತು ಆ ಚುನಾವಣೆ. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿದ್ದ ಆ ಕಾಯ್ದೆಯನ್ನು ಮುಂದೆ ಇಡೀ ದೇಶವೇ ಮಾದರಿಯಾಗಿ ನೋಡಿತು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಟ್ಟು ‘ನೀರ್ ಸಾಬ್’ ಎನಿಸಿಕೊಂಡವರೇ ಅಧಿಕಾರವನ್ನೂ ಹಳ್ಳಿಗೆ ಕೊಟ್ಟದ್ದು ಆಕಸ್ಮಿಕವಲ್ಲ. ಕುಡಿಯುವ ನೀರು ಎಲ್ಲಿಗೆ ಬೇಕೆಂಬುದನ್ನು ವಿಧಾನಸೌಧಕ್ಕಿಂತ ಆ ಊರಿನವರೇ ಚೆನ್ನಾಗಿ ಬಲ್ಲರೆಂಬ ಒಂದೇ ನಂಬಿಕೆ ಎರಡರ ಹಿಂದೆಯೂ ಇತ್ತು.

ಆ ಚುನಾವಣೆಯಾದ ಕೆಲವು ವರ್ಷಗಳಿಗೆ ನಾನು ವರ್ಗವಾಗಿ ಬೆಂಗಳೂರಿಗೆ ಬಂದು ಉತ್ತರಹಳ್ಳಿಯಲ್ಲಿ ನೆಲೆನಿಂತೆ. ಆಗ ಇದು ಹೆಸರಿಗೆ ತಕ್ಕಂತೆ ಹಳ್ಳಿಯೇ. ತುರಹಳ್ಳಿ ಕಾಡಿನ ಕಡೆಗೆ ನಡೆದರೆ ರಾಗಿ ಹೊಲ, ಕೆರೆಯಂಗಳ, ಮಾವಿನ ತೋಪು. ಕೆರೆಯ ತೂಬಿನಲ್ಲಿ ಹೂಳು ತುಂಬಿದೆಯೆಂದು, ಬೀದಿಯ ದೀಪ ಕೆಟ್ಟಿದೆಯೆಂದು ಯಾರಿಗೆ ಹೇಳಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಕೆಲಸ ಆಗುತ್ತಿತ್ತೆಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಆಗುತ್ತಿರಲಿಲ್ಲ. ಆದರೆ ಆಗದಿದ್ದರೆ ಬೆಳಗಿನ ಹಾಲಿನ ಸಾಲಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಆ ಸದಸ್ಯನನ್ನು ಹಿಡಿದು ನಾಲ್ಕು ಜನರೆದುರಿಗೆ ಕೇಳಬಹುದಿತ್ತು. ಪ್ರಜಾಪ್ರಭುತ್ವದ ಬಗ್ಗೆ ದೊಡ್ಡ ಗ್ರಂಥಗಳಿರಬಹುದು. ನನ್ನ ಮಟ್ಟಿಗೆ, ಬೈಯಲು ಕೈಗೆ ಸಿಗುವ ಒಬ್ಬ ಮನುಷ್ಯನಿರುವುದೇ ಅದರ ಮೊದಲ ಪಾಠ.

ಉತ್ತರಹಳ್ಳಿಯ ಹೆಸರು ಒಂದು ಕಾಲಕ್ಕೆ ರಾಜ್ಯದ ರಾಜಕೀಯದಲ್ಲಿ ದೊಡ್ಡದು. ಮತದಾರರ ಸಂಖ್ಯೆಯಲ್ಲಿ ಅತಿದೊಡ್ಡ ವಿಧಾನಸಭಾ ಕ್ಷೇತ್ರವೆಂದು ಅದು ಪ್ರಸಿದ್ಧವಾಗಿತ್ತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರ ಹಲವು ಹೋಳಾಗಿ, ಹೆಸರೂ ಅಳಿಸಿಹೋಯಿತು. ಅದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಹಳೆಯ ಮಹಾನಗರ ಪಾಲಿಕೆಗೆ ಸೇರಿಸಿ ಬಿಬಿಎಂಪಿಯನ್ನು ರಚಿಸಲಾಯಿತು. ಉತ್ತರಹಳ್ಳಿ 184ನೇ ವಾರ್ಡ್ ಎನಿಸಿತು. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ಎಲ್ಲಿಯೂ ಇಲ್ಲವಾದ್ದರಿಂದ ನಮ್ಮನ್ನೂ ಯಾರೂ ಕೇಳಲಿಲ್ಲ. ಹಳೆಯ ಪಾಲಿಕೆಯ ಸದಸ್ಯರ ಅವಧಿ 2006ರ ನವೆಂಬರ್‌ನಲ್ಲೇ ಮುಗಿದಿತ್ತು. ಹೊಸ ಪಾಲಿಕೆಗೆ ಮತದಾನ ನಡೆದದ್ದು 2010ರ ಮಾರ್ಚ್ 28ರಂದು. ಅಂದೇ ಮೂರು ವರ್ಷಕ್ಕೂ ಮೀರಿ ನಗರ ಆಡಳಿತಾಧಿಕಾರಿಗಳ ಕೈಯಲ್ಲಿತ್ತು.

2020ರ ನಂತರದ ಕಥೆ ಇನ್ನೂ ವಿಚಿತ್ರವಾದದ್ದು. ಅದನ್ನು ನಾಲ್ಕು ಅಂಕಿಗಳಲ್ಲಿ ಹೇಳಿಬಿಡಬಹುದು: 198, 243, 225, 369. ಇವು ವಾರ್ಡುಗಳ ಸಂಖ್ಯೆ. 198 ವಾರ್ಡುಗಳಿಗೇ ಚುನಾವಣೆ ನಡೆಸಿರೆಂದು 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶಿಸಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು, ಸುಪ್ರೀಂ ಕೋರ್ಟ್ ತಡೆ ನೀಡಿತು. ಹೊಸ ಬಿಬಿಎಂಪಿ ಕಾಯ್ದೆ ಬಂದು ವಾರ್ಡುಗಳು 243 ಆದವು. 2022ರಲ್ಲಿ ಗಡಿ ಗುರುತಿಸಿ ಮುಗಿಯುವ ಹೊತ್ತಿಗೆ ಮೀಸಲಾತಿಯ ವ್ಯಾಜ್ಯ ಎದ್ದಿತು. 2023ರಲ್ಲಿ ಸರ್ಕಾರ ಬದಲಾಯಿತು. ವಾರ್ಡುಗಳು 225ಕ್ಕೆ ಇಳಿದವು. ಆಮೇಲೆ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದಿತು. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದವು, ನವೆಂಬರ್‌ನಲ್ಲಿ ವಾರ್ಡುಗಳು 369 ಎಂದು ಗೊತ್ತಾಯಿತು. ಪ್ರತಿಯೊಂದು ಹೆಜ್ಜೆಗೂ ಒಂದು ಕಾರಣವಿತ್ತು, ಪ್ರತಿಯೊಂದು ಕಾರಣಕ್ಕೂ ಒಂದು ಕಡತವಿತ್ತು. ಒಟ್ಟು ಫಲಿತಾಂಶ ಮಾತ್ರ ಒಂದೇ. ಇದರಲ್ಲಿ ಯಾವ ಒಂದು ಪಕ್ಷವನ್ನೂ ಪ್ರತ್ಯೇಕಿಸಿ ದೂರುವಂತಿಲ್ಲ. ಆಡಳಿತದಲ್ಲಿದ್ದವರಿಗೆಲ್ಲ ಮತದಾನವೊಂದನ್ನು ಬಿಟ್ಟು ಉಳಿದೆಲ್ಲವೂ ತುರ್ತಾಗಿ ಕಂಡಿತು.

ಇಷ್ಟು ದೊಡ್ಡ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ವಿಂಗಡಣೆಯ ಪರವಾಗಿಯೂ ಸಮರ್ಥ ವಾದಗಳಿವೆ. ಆದರೆ ಸಂವಿಧಾನ ಈ ವಿಷಯದಲ್ಲಿ ಯಾವ ಗೊಂದಲವನ್ನೂ ಉಳಿಸಿಲ್ಲ. ಸ್ಥಳೀಯ ಸಂಸ್ಥೆಗಳನ್ನು ವರ್ಷಗಟ್ಟಲೆ ಸೂಪರ್‌ಸೀಡ್ ಮಾಡುವ ಚಾಳಿಗೆ ಕಡಿವಾಣ ಹಾಕಲೆಂದೇ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತು. ನಗರ ಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅದು ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕು ಎನ್ನುತ್ತದೆ 243-ಯು ವಿಧಿ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲಿ ಇದನ್ನೇ ಎತ್ತಿಹಿಡಿಯಿತು. ಕ್ಷೇತ್ರ ಮರುವಿಂಗಡಣೆ ಮುಗಿದಿಲ್ಲವೆಂಬುದು ಚುನಾವಣೆ ಮುಂದೂಡಲು ನೆಪವಾಗಬಾರದೆಂದು 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮತ್ತೆ ಹೇಳಿತು. ನಿಯಮವಿದೆ, ತೀರ್ಪಿದೆ. ಪಾಲನೆಯೊಂದೇ ಇರಲಿಲ್ಲ.

ಇಲ್ಲಿ ಒಂದು ಪ್ರತಿವಾದವನ್ನು ನಾನು ಉದ್ಯಾನದ ಕಟ್ಟೆಯ ಮೇಲೆ ದಿನವೂ ಕೇಳುತ್ತೇನೆ. ‘ಕಾರ್ಪೊರೇಟರುಗಳಿಂದ ನಮಗೇನು ಸಿಕ್ಕಿತ್ತು? ಗುತ್ತಿಗೆದಾರರ ಜೊತೆ ಪಾಲುದಾರಿಕೆ, ಮನೆ ಕಟ್ಟುವವರಿಂದ ವಸೂಲಿ. ಅಧಿಕಾರಿಗಳೇ ವಾಸಿ’ ಎನ್ನುವ ಗೆಳೆಯರಿದ್ದಾರೆ. ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವವರುಂಟೆ? ಕೆಟ್ಟ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ನಾವು ಮನೆಗೆ ಕಳಿಸಬಹುದು. ಕೆಟ್ಟ ಅಧಿಕಾರಿಯನ್ನು ಸರ್ಕಾರ ಇನ್ನೊಂದು ಊರಿಗೆ ಕಳಿಸುತ್ತದೆ, ಅಷ್ಟೆ. ಒಳ್ಳೆಯ ಅಧಿಕಾರಿಗೂ ಅದೇ ಗತಿ. ಬೀದಿಯ ಹೆಸರು ಕಲಿಯುವಷ್ಟರಲ್ಲಿ ವರ್ಗಾವಣೆಯ ಆದೇಶ ಬಂದಿರುತ್ತದೆ. 2025–26ರಲ್ಲಿ ಬಿಬಿಎಂಪಿಯ ಆಯವ್ಯಯ ಸುಮಾರು 19,900 ಕೋಟಿ ರೂಪಾಯಿ. ಇಷ್ಟು ಹಣದ ಬಗ್ಗೆ ಕೌನ್ಸಿಲ್ ಸಭೆಯಲ್ಲಿ ಎದ್ದುನಿಂತು ‘ನನ್ನ ವಾರ್ಡಿಗೆ ಎಷ್ಟು?’ ಎಂದು ಕೇಳುವ ಒಂದು ದನಿಯೂ ಇರಲಿಲ್ಲ. ಕಳ್ಳತನದ ಭಯವಿರುವ ಮನೆಯಲ್ಲಿ ದೀಪ ಆರಿಸಿ ಮಲಗುವುದು ಜಾಣತನವಲ್ಲ.

ಈ ಖಾಲಿತನದ ಬೆಲೆ ಏನೆಂಬುದು ತಿಳಿದದ್ದು 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ. ಕೋವಿಡ್‌ನ ಎರಡನೆಯ ಅಲೆ ಬಂದಾಗ ನಮ್ಮ ಬೀದಿಯಲ್ಲಿ ಆಮ್ಲಜನಕದ ಹಾಸಿಗೆಗಾಗಿ ರಾತ್ರಿಯಿಡೀ ದೂರವಾಣಿ ಹಿಡಿದು ಕೂತ ಮನೆಗಳಿದ್ದವು. ಸಂಖ್ಯೆ ಒತ್ತಿದರೆ ಧ್ವನಿಮುದ್ರಿತ ಉತ್ತರ. ಮಾಜಿ ಸದಸ್ಯರು ಹಲವರು ಮಾನವೀಯತೆಯಿಂದ ಓಡಾಡಿದ್ದುಂಟು. ಆದರೆ ಅವರ ಮಾತನ್ನು ಕೇಳಲೇಬೇಕಾದ ಬಾಧ್ಯತೆ ಯಾವ ಕಚೇರಿಗೂ ಇರಲಿಲ್ಲ. ಚುನಾಯಿತ ಸದಸ್ಯರಿದ್ದಿದ್ದರೆ ಎಲ್ಲರೂ ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಯಾವ ಮನೆಯಲ್ಲಿ ಒಂಟಿ ವೃದ್ಧರಿದ್ದಾರೆಂದು ಬಲ್ಲವರೊಬ್ಬರು ಅಧಿಕಾರದ ಮೇಜಿನಾಚೆ ಇರುತ್ತಿದ್ದರೆಂಬುದಂತೂ ನಿಜ.

2024ರ ಬೇಸಿಗೆಯದೂ ಇದೇ ಮಾತು. ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದವು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು. ಅದೇ ವರ್ಷ ಅಕ್ಟೋಬರ್ 16ರಂದು, ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಒಳ್ಳೆಯ ಕೆಲಸ, ಸಂಶಯವಿಲ್ಲ. ದೊಡ್ಡ ಕೊಳವೆಯನ್ನು ಎಂಜಿನಿಯರುಗಳು ನೂರು ಕಿಲೋಮೀಟರ್ ದೂರದಿಂದ ತರಬಲ್ಲರು. ಆದರೆ ಅದರ ನೀರು ಮೊದಲು ಯಾವ ಬೀದಿಗೆ, ಎಷ್ಟು ಹೊತ್ತು, ತಗ್ಗಿನವರಿಗೆಷ್ಟು, ದಿಣ್ಣೆಯವರಿಗೆಷ್ಟು ಎಂಬುದು ಎಂಜಿನಿಯರಿಂಗ್ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದು. ನಜೀರ್ ಸಾಬರು ಅರಿತಿದ್ದುದು ಇದನ್ನೇ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಸರ್ದಾರ್ ಪಟೇಲರು 1924ರಲ್ಲಿ ಅಹಮದಾಬಾದ್ ಪುರಸಭೆಯ ಅಧ್ಯಕ್ಷರಾದರು, ನೆಹರೂ 1923ರಲ್ಲಿ ಅಲಹಾಬಾದಿನಲ್ಲಿ. ಚರಂಡಿ, ಕಸ, ಕಂದಾಯದಲ್ಲೇ ಅವರು ಆಡಳಿತದ ಅಕ್ಷರಾಭ್ಯಾಸ ಮಾಡಿದ್ದು. 2015ರ ಪಾಲಿಕೆಯಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಅವರ ಹಿಂದೆ ಬರಬೇಕಾಗಿದ್ದ ಇನ್ನೊಂದು ತಲೆಮಾರಿನ ಹೆಣ್ಣುಮಕ್ಕಳಿಗೆ ಆ ಶಾಲೆ ಐದು ವರ್ಷ ಬಾಗಿಲು ಮುಚ್ಚಿತ್ತು. ಶಿಕ್ಷಕನಾಗಿದ್ದ ನನಗೆ, ಶಾಲೆ ಮುಚ್ಚಿದ ವರ್ಷಗಳನ್ನು ರಜೆಯೆಂದು ಕರೆಯಲು ಮನಸ್ಸು ಬಾರದು.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ವಾರ್ಡುಗಳ ಗಡಿ ಮತ್ತು ಮೀಸಲಾತಿಯನ್ನು ಅವಧಿ ಮುಗಿಯುವ ಒಂದು ವರ್ಷ ಮೊದಲೇ ನಿರ್ಧರಿಸಬೇಕು. ಆಗದಿದ್ದರೆ ಹಳೆಯ ವಾರ್ಡುಗಳಿಗೇ ಚುನಾವಣೆ ತಾನಾಗಿ ನಡೆಯುವಂತೆ ಕಾಯ್ದೆಯಲ್ಲಿ ಬರೆಯಬೇಕು. ಗಡಿ ಗುರುತಿಸುವ ಕೆಲಸವನ್ನು ಸರ್ಕಾರದ ಕೈಯಿಂದ ಬಿಡಿಸಬೇಕು. ಕೇರಳದಲ್ಲಿ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರಾಗಿರುವ ಆಯೋಗ ಈ ಕೆಲಸ ಮಾಡುತ್ತದೆ, ನಮ್ಮಲ್ಲಿ ಏಕಾಗದು? ಆಟಗಾರನೇ ಅಂಗಳದ ಗೆರೆ ಎಳೆಯುವ ಆಟದಲ್ಲಿ ಗೆರೆ ಎಂದಿಗೂ ಮುಗಿಯುವುದಿಲ್ಲ.

ಬೆಂಗಳೂರು ಕಳೆದ ಬಾರಿ ಪಾಲಿಕೆಯ ಸದಸ್ಯರನ್ನು ಬಿಬಿಎಂಪಿಗೆ ಆರಿಸಿದ್ದು 2015ರ ಆಗಸ್ಟ್ 22ರಂದು. ಅದರ ಮರುದಿನ ಹದಿನೆಂಟು ತುಂಬಿದ ಹುಡುಗಿಯೊಬ್ಬಳಿಗೆ 2025ರ ಆಗಸ್ಟ್‌ನಲ್ಲಿ ಇಪ್ಪತ್ತೆಂಟು. ಅಷ್ಟರೊಳಗೆ ಆಕೆ ಓದು ಮುಗಿಸಿರಬಹುದು, ಕೆಲಸ ಹಿಡಿದಿರಬಹುದು, ಮನೆಯ ಆಸ್ತಿ ತೆರಿಗೆಯನ್ನೂ ಕಟ್ಟಿರಬಹುದು. ತನ್ನ ಬೀದಿಯ ಪ್ರತಿನಿಧಿಯನ್ನು ಆರಿಸುವ ಅವಕಾಶವೊಂದನ್ನು ಮಾತ್ರ ಆಕೆ ಕಂಡಿರಲಿಲ್ಲ. ನಮ್ಮ ತಲೆಮಾರಿನವರಿಗೆ ಕಳೆದುಕೊಂಡದ್ದು ಏನೆಂಬುದಾದರೂ ಗೊತ್ತು. ಆಕೆಗೆ ಅದೂ ಗೊತ್ತಾಗದಂತೆ ಹತ್ತು ವರ್ಷ ಕಳೆದವು. ಇನ್ನು ಮುಂದೆ ಯಾವ ಸರ್ಕಾರ ಬಂದರೂ, ಐದು ವರ್ಷದ ಕೊನೆಯ ದಿನ ಕ್ಯಾಲೆಂಡರ್ ನೋಡಿ ‘ಚುನಾವಣೆ ಎಲ್ಲಿ?’ ಎಂದು ಕೇಳಬೇಕಾದವರು ಆಕೆಯ ವಯಸ್ಸಿನವರೇ.