ಅತಿಥಿಯ ಧರ್ಮ

ಆಸ್ಟ್ರೇಲಿಯಾದ ನಡುವಣ ಕೆಂಪು ಮರುಭೂಮಿಯಲ್ಲಿರುವ ಉಲುರು ಎಂಬ ಮಹಾಶಿಲೆಯು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಪವಿತ್ರಕ್ಷೇತ್ರವು. 1985ರಲ್ಲಿ ಸರ್ಕಾರವು ಆ ನೆಲವನ್ನು ಅವರಿಗೆ ಹಿಂದಿರುಗಿಸಿತಾದರೂ, ಹತ್ತಬೇಡಿರೆಂಬ ಅವರ ವಿನಂತಿಯನ್ನು ಮನ್ನಿಸದೆ ಪ್ರವಾಸಿಗರು ಬಹುಕಾಲ ಶಿಖರವನ್ನೇರುತ್ತಲೇ ಇದ್ದರು. ಮೇಲೆ ಶೌಚಾಲಯವಿಲ್ಲದುದರಿಂದ ಅವರು ಬಿಟ್ಟ ಹೊಲಸು ಮಳೆಯೊಡನೆ ಹರಿದು, ಪ್ರಾಣಿಪಕ್ಷಿಗಳು ಕುಡಿಯುವ ಕೊಳಗಳನ್ನು ಸೇರುತ್ತಿದ್ದಿತು. 2019ರ ಅಕ್ಟೋಬರ್ 26ರಂದು ಆರೋಹಣವು ನಿಷಿದ್ಧವಾಯಿತು. ಈಗ ಯಾತ್ರಿಕರು ಮಾರ್ಗದರ್ಶಕರೊಡನೆ ಬುಡದಲ್ಲಿ ನಡೆದು, ಪ್ರಾಚೀನ ಚಿತ್ರಗಳುಳ್ಳ ಗುಹೆಗಳನ್ನು ನೋಡಬಹುದು. ಛಾಯಾಚಿತ್ರ ಕೂಡದೆಂದ ಕಡೆ ತೆಗೆಯಬಾರದು. ಇದರಿಂದ ಪ್ರವಾಸದ ಸ್ವಾತಂತ್ರ್ಯಕ್ಕೆ ಭಂಗವೆನ್ನುವವರ ವಾದವನ್ನು ನಾವು ಒಪ್ಪಲಾರೆವು. ದೇವಾಲಯದ ಹೊಸ್ತಿಲಲ್ಲಿ ಪಾದರಕ್ಷೆಯನ್ನು ಕಳಚುವ ನಮ್ಮ ಜನರಿಗೆ ಈ ಕಟ್ಟಳೆಯು ಅರ್ಥವಾಗದಿರದು. ಮನೆಯೊಡೆಯನ ಮಾತನ್ನು ಮೀರಿ ಅಟ್ಟವನ್ನೇರುವವನು ಅತಿಥಿಯೆನಿಸಲಾರನು.